ಶೂ ತಳದ ಪೌಡರ್

ನನ್ನ ಗಂಡ ಇಂದಿರಾನಗರದಲ್ಲಿ ಸಾಲ್ಸಾ ಡಾನ್ಸ್ ಕ್ಲಾಸಿಗೆ ಸೇರಿದ್ದಾರೆ. ನಿನ್ನೆ ಸಂಜೆ ಬಂದು ಶೂ ಬಿಚ್ಚಿಟ್ಟಾಗ ಟಾಲ್ಕಂ ಪೌಡರಿನ ವಾಸನೆ ಬಂತು.

ನಾನು ಚಿಕ್ಕವಳಿದ್ದಾಗ ಲಿಂಗರಾಜಪುರದ ನಮ್ಮ ಮನೆಯಲ್ಲಿ ಭಾನುವಾರದ ಸಂಜೆ ಅಪ್ಪನ ಶೂಗಳಿಗೂ ಇದೇ ವಾಸನೆ ಇರುತ್ತಿತ್ತು. ತಳಕ್ಕೆ ಅಂಟಿದ ಬಿಳಿ ಪುಡಿಯನ್ನು ಅಮ್ಮ ಮಾಟದ ಬೂದಿಯೆಂದೇ ತಿಳಿದು ಅರಿಶಿನದ ನೀರು ಚಿಮುಕಿಸುತ್ತಿದ್ದಳು. ಅದರಿಂದ ಏನೂ ಆಗದಿದ್ದಾಗ ಒಂದು ಭಾನುವಾರ ನನ್ನ ಕೈ ಹಿಡಿದುಕೊಂಡು ಅಪ್ಪನ ಹಿಂದೆಯೇ ಹೊರಟಳು.

ಅಪ್ಪ ಹೋಗಿದ್ದು ಪಕ್ಕದ ಬೀದಿಯ ಆಂಗ್ಲೋ ಇಂಡಿಯನ್ ಆಂಟಿಯ ಮನೆಗೆ. ನಾವು ಕಿಟಕಿಯಲ್ಲಿ ಇಣುಕಿದೆವು. ಕಾಲು ಸಲೀಸಾಗಿ ಜಾರಲೆಂದು ಕೆಂಪು ನೆಲಕ್ಕೆ ಪೌಡರ್ ಉದುರಿಸಿದ್ದರು. ಎಪ್ಪತ್ತು ದಾಟಿದ ಆಂಟಿ ಸೋಫಾದಲ್ಲಿ ಕೂತು "ಒನ್, ಟೂ, ತ್ರೀ" ಎಂದು ಎಣಿಸುತ್ತಿದ್ದರು. ಅಪ್ಪ ಮರದ ಕುರ್ಚಿಯೊಂದನ್ನು ತಬ್ಬಿಕೊಂಡು, ಜೋಡಿಯಾಗಿ ಕುಣಿಯುವ ವಾಲ್ಟ್ಜ್ ಕಲಿಯುತ್ತಿದ್ದರು. ಹೊಸಬರು ಮೊದಲು ಕುರ್ಚಿಯ ಜೊತೆಗೇ ಕುಣಿಯಬೇಕು ಎಂಬುದು ಆಂಟಿಯ ನಿಯಮವಂತೆ.

ನನಗೆ ನಗು ಬಂತು. ಅಮ್ಮ ನಗಲಿಲ್ಲ. ಅಪ್ಪ ಮನೆಗೆ ಬಂದ ಮೇಲೆ ಕೇಳಿದಳು, "ಕಲಿತಾದ್ಮೇಲೆ ಆ ಕುರ್ಚಿ ಜಾಗಕ್ಕೆ ಯಾರ್ ಬರ್ತಾರೆ ರೀ?"

ಅಪ್ಪ ಪೇಪರ್ ಬಿಡಿಸಿಕೊಂಡು ಕೂತರು.

ನಿನ್ನೆ ನಾನೂ ಕೇಳಿದೆ, "ನಿಮ್ಗೂ ಮೊದ್ಲು ಕುರ್ಚೀನೇ ಕೊಟ್ಟಿದಾರಾ?"

"ಕುರ್ಚಿನಾ? ನಮ್ ಕ್ಲಾಸಲ್ಲಿ ಕುರ್ಚೀನೇ ಇಲ್ವಲ್ಲೇ" ಅಂದರು, ಶೂ ತಳ ಒರೆಸುತ್ತಾ.