ಪರ್ಸಿ ಖಣಿಯ ಗೋಡೆ ಹತ್ತಿದ ನಮ್ಮ ಗೌತಮಿ

ಇಲ್ಲ... ನಂಬಲಾಗುತ್ತಿಲ್ಲ.

ಮಧ್ಯಾಹ್ನ ಅವಳ ಗಂಡ ಫೋನ್ ಮಾಡಿ "ಗೌತಮಿ ಹೋದಳ್ರೀ ಮೇಡಂ" ಅಂದರು.
"ಎಲ್ಲಿಗೆ?" ಅಂತ ಕೇಳಿಬಿಟ್ಟೆ...

ಸೇಡಂನಲ್ಲಿ ಸ್ಟಾಫ್ ನರ್ಸ್ ಆಗಿದ್ದ ನನ್ನ ಗೆಳತಿ ಗೌತಮಿ ಇನ್ನಿಲ್ಲ.
ಡ್ಯೂಟಿಯಲ್ಲಿದ್ದಾಗಲೇ ತಲೆನೋವು ಅಂದಳಂತೆ.
ಮೆದುಳಿನಲ್ಲಿ ರಕ್ತಸ್ರಾವ.
ಕಲಬುರಗಿಗೆ ಕರೆದೊಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

ನಿಮ್ಮಲ್ಲಿ ಬಹಳ ಜನರಿಗೆ ಅವಳು ನನ್ನ ಫೋಟೋಗಳಿಂದಷ್ಟೇ ಗೊತ್ತು.
ಬಂಡೆಗೆ ಹಲ್ಲಿಯಂತೆ ಅಂಟಿಕೊಂಡ ಆ ಹೆಂಗಸು ಯಾರು ಅಂತ ಕೇಳುತ್ತಿದ್ದಿರಲ್ಲ...
ಅವಳೇ.

ಶಹಾಬಾದ್‌ಗೂ ವಾಡಿಗೂ ನಡುವೆ ಒಂದು ಹಳೆಯ ಪರ್ಸಿ ಖಣಿ ಇದೆ. ನೆಲಕ್ಕೆ ಹಾಸುವ ಪರ್ಸಿ ಕಲ್ಲು ತೆಗೆದು ಬಿಟ್ಟುಹೋದ ಜಾಗ.
ಗಿಡವಿಲ್ಲ, ನೆರಳಿಲ್ಲ, ಫೋನಿಗೆ ಸಿಗ್ನಲ್ ಇಲ್ಲ.
"ಉಸುಕಿಲ್ಲದ ಮರುಭೂಮಿ ನೋಡ್ರಿ ಇದು" ಅನ್ನುತ್ತಿದ್ದಳು.
ಪ್ರತಿ ಭಾನುವಾರ, ಅವಳ ಬಾಯಲ್ಲಿ ಐತ್ವಾರ, ನಾವು ಮೂವರು ಅಲ್ಲೇ... ಗೌತಮಿ, ವಾಡಿಯ ರೈಲ್ವೆ ನೌಕರ ಇಮ್ತಿಯಾಜ್, ಚಿತ್ತಾಪುರದ ಟೀಚರ್ ನಾನು.
ಹಗ್ಗವಿಲ್ಲದೆ ಬರಿಗೈಯಲ್ಲಿ ಬಂಡೆ ಹತ್ತುವ ಬೌಲ್ಡರಿಂಗ್.
ಬಿದ್ದರೆ ಕೆಳಗೆ ಹತ್ತಿಯ ಗಾದಿ.

ಒಂದು ಗೋಡೆ ಮಾತ್ರ ಅವಳಿಗೆ ಒಲಿದಿರಲಿಲ್ಲ.
ನಡುವೆ ಮುಂದಕ್ಕೆ ಚಾಚಿದ ಕಲ್ಲು. ಅಲ್ಲಿಗೆ ಬಂದಾಗಲೆಲ್ಲ ಕೈ ಜಾರುತ್ತಿತ್ತು.

ಅವಳ ಅತ್ತೆ ಶಾಂತಾಬಾಯಿಗೆ ಇದೆಲ್ಲ ಸುತರಾಂ ಹಿಡಿಸುತ್ತಿರಲಿಲ್ಲ. ಓಣಿಯಲ್ಲಿ ಸೊಸೆಗೆ "ಮಂಗ್ಯಾ ನರ್ಸ್" ಅಂತ ಹೆಸರು ಬಿದ್ದಿತ್ತು.
"ಇನ್ನೊಮ್ಮಿ ಹೋದಿ ಅಂದ್ರ ನಾನೇ ಬಂದು ಎಳಕೊಂಡು ಬರ್ತೀನಿ" ಅಂದಿದ್ದರು.

ಒಂದು ಭಾನುವಾರ ಬಂದೇಬಿಟ್ಟರು!

ಬಸ್ಸಿಳಿದು, ಆಟೋ ಹಿಡಿದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು...
ಆ ಹೊತ್ತಿಗೆ ಗೌತಮಿ ಚಾಚಿದ ಕಲ್ಲಿನಲ್ಲಿ ನೇತಾಡುತ್ತಿದ್ದಳು.
ಈಗ ಬೈದರೆ ಖಂಡಿತ ಬೀಳುತ್ತಾಳೆ ಅಂದುಕೊಂಡೆ.

ಶಾಂತಾಬಾಯಿ ಬೈಯಲಿಲ್ಲ.
ಚಪ್ಪಲಿ ಬಿಟ್ಟರು. ಗಾದಿಯ ಮೇಲೆ ನಿಂತು ಎರಡೂ ಕೈ ಮೇಲೆತ್ತಿದರು.
ಸೊಸೆ ಬಿದ್ದರೆ ಹಿಡಿಯಲಿಕ್ಕೆ!

"ಅತ್ತಿ, ಸರೀರಿ! ನಿಮ್ಮ ಮ್ಯಾಲ ಬಿದ್ರ ಇಬ್ಬರೂ ಹೋಗ್ತೀವಿ!"
"ನಾ ಸರಿಯಂಗಿಲ್ಲ. ಮೊದಲ ನೀ ಹತ್ತು. ಬೈಯೂದು ಆಮ್ಯಾಲ ಬೈತೀನಿ."

ಗೌತಮಿ...
ಆಗ ನಕ್ಕೆಯಲ್ಲೇ ನೀನು... ಅಲ್ಲಿ ನೇತಾಡುತ್ತಲೇ!
ನಗು ನಿಲ್ಲುವ ಮೊದಲೇ ಬಲಗಾಲನ್ನು ಸೊಂಟದೆತ್ತರಕ್ಕೆ ಊರಿ ಒಮ್ಮೆಲೇ ಮೇಲಕ್ಕೆ ಚಿಮ್ಮಿದೆ.
ಬೆರಳಿಗೆ ಅಂಚು ಸಿಕ್ಕಿತು.
ಮೇಲೆ ನಿಂತು ನೀನು ಹಾಕಿದ ಕೇಕೆ... ಖಣಿ ತುಂಬ ಅದೇ.

ಎಷ್ಟು ಸಲ ಬಿದ್ದಿದ್ದೆ ನೀನು ಅಲ್ಲಿಂದ. ಪ್ರತಿ ಸಲವೂ ಧೂಳು ಕೊಡವಿ, "ಮುಂದಿನ ಐತ್ವಾರ ಆಗ್ತದ ತಗೋರಿ" ಅಂತ ನಮಗೇ ಸಮಾಧಾನ ಹೇಳುತ್ತಿದ್ದೆ.
ಆ ಧೈರ್ಯ ಭಾಳ ದೊಡ್ಡದು ಕಣೇ.

ಕೆಳಗಿಳಿದ ಮೇಲೆ ಅತ್ತೆ ಕೊಟ್ಟ ಮಾತಿಗೆ ತಪ್ಪಲಿಲ್ಲ. ಸೇಡಂ ಮುಟ್ಟುವವರೆಗೂ ಬೈದರು.
ಮರುವಾರ ರೊಟ್ಟಿ ಬುತ್ತಿ ಕಟ್ಟಿಕೊಂಡು ನಿನ್ನ ಜೊತೆ ತಾವೂ ಬಂದರು. ಆಮೇಲೆ ಒಂದು ವಾರವೂ ತಪ್ಪಿಸಲಿಲ್ಲ.

ಇವತ್ತು ಸಂಜೆ ನಾನು, ಇಮ್ತಿಯಾಜ್ ನಿನ್ನ ಮನೆಗೆ ಹೋಗಿದ್ದೆವು.
ನೆರೆದವರಲ್ಲಿ ಒಬ್ಬರು ಮೆಲ್ಲಗೆ, "ಆ ಕಲ್ಲು ಹತ್ತೂ ಹುಚ್ಚಿನಿಂದನೇ ಹಿಂಗಾತು" ಅಂದರು.
ಶಾಂತಾಬಾಯಿ ತಲೆ ಎತ್ತಿದರು.

"ಕಲ್ಲೇನ್ ಮಾಡ್ಯಾದ? ಮ್ಯಾಲ ನಿಂತಾಗ ಅಕಿ ಮಾರಿ ನೀವು ನೋಡಿಲ್ಲ. ನಾ ನೋಡೀನಿ."


ನಾವು ಏಳುವಾಗ ನನ್ನ ಕೈ ಹಿಡಿದು ಕೇಳಿದರು...
"ಐತ್ವಾರ ಖಣಿಗೆ ಎಷ್ಟು ಗಂಟೇಕ್ಕ ಹೋಗೂದು?"

ನೆಮ್ಮದಿಯಾಗಿ ಹೋಗು ಗೆಳತಿ...
ನಿನ್ನ ಜೀವ ತಣ್ಣಗಿರಲಿ. 🙏