ಪತ್ತನಾಜೆಗೆ ಮೊದಲೇ ಬಂದ ಮೀನು

ನಮ್ಮ ಹಳ್ಳ ಮಡಂತ್ಯಾರಿನ ಆಚೆಯ ಗುಡ್ಡಗಳಲ್ಲಿ ಹುಟ್ಟಿ ನೇತ್ರಾವತಿಯನ್ನು ಸೇರುತ್ತದೆ. ಕೆಳಗೆ ಬಂಟ್ವಾಳದ ಕಡೆ ನದಿಗೆ ಅಣೆಕಟ್ಟು ಆದ ಮೇಲೆ ಆ ಸಂಗಮದಲ್ಲಿ ಬೇಸಿಗೆಯಿಡೀ ನೀರು ಕೆರೆಯ ಹಾಗೆ ನಿಂತಿರುತ್ತದೆ. ದೊಡ್ಡ ಮೀನುಗಳು ಇರುವುದು ಅಲ್ಲಿ. ಮೊದಲ ಮಳೆಗೆ ಹಳ್ಳದಿಂದ ಕೆಂಪು ನೀರು ಇಳಿಯುತ್ತಲೇ ಅವು ಮೊಟ್ಟೆಯಿಡಲು ಮೇಲಕ್ಕೆ ಹತ್ತುತ್ತವೆ. ಇದಕ್ಕೆ ತುಳುವಿನಲ್ಲಿ ಉಬೆರ್ ಎನ್ನುತ್ತೇವೆ. ಹತ್ತಿದವುಗಳಲ್ಲಿ ಕೆಲವು ಮೇಲಿನ ಗುಂಡಿಗಳಲ್ಲೇ ಉಳಿಯುತ್ತವೆ. ಶಿವರಾತ್ರಿ ಕಳೆದ ಮೇಲೆ ನಾವು ಗಾಳ ಹಾಕುತ್ತಿದ್ದುದು ಹಾಗೆ ಉಳಿದ ಮೀನುಗಳಿಗೆ.

ನಾವು ಎಂದರೆ ನಾನು ಮತ್ತು ನನ್ನ ಹೆಂಡತಿಯ ತಮ್ಮ. ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುತ್ತೇವೆ. ನಾನು ಮೂಡುಬಿದಿರೆಯ ಒಂದು ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ವ್ಯಾಯಾಮ ಶಿಕ್ಷಕನಾಗಿದ್ದೆ. ಐದಕ್ಕೆ ಏಳುವುದು, ಆರಕ್ಕೆ ಹೊರಗೆ ಹೋಗುವುದು, ಎಂಟಕ್ಕೆ ತಿಂಡಿ. ನಿವೃತ್ತನಾಗಿ ಊರಿಗೆ ಬಂದ ಮೇಲೂ ಈ ಕ್ರಮ ತಪ್ಪಲಿಲ್ಲ. ಭಾವ ನೀಲಗಿರಿಯ ಚಹಾ ಎಸ್ಟೇಟಿನಲ್ಲಿ ಇಪ್ಪತ್ತು ವರ್ಷ ಲಾರಿ ಓಡಿಸಿದವನು. ಅಲ್ಲಿನ ತಣ್ಣಗಿನ ಹೊಳೆಗಳಲ್ಲಿ ಟ್ರೌಟ್ ಎಂಬ ಮೀನು ಉಂಟಂತೆ. ಅದನ್ನು ಎರೆಹುಳು ಸಿಕ್ಕಿಸಿ ಹಿಡಿಯುವುದಿಲ್ಲ. ಕೊಕ್ಕೆಗೆ ಗರಿ ಸುತ್ತಿ ನೊಣದ ಹಾಗೆ ಕಟ್ಟಿ, ಅದನ್ನು ನೀರಿನ ಮೇಲೆ ಹಗುರವಾಗಿ ಇಳಿಸಿ ಹಿಡಿಯುತ್ತಾರೆ. ಈ ವಿದ್ಯೆಯನ್ನೂ ಒಂದು ಹಳೆಯ ಕೋಲನ್ನೂ ಅವನು ಊರಿಗೆ ತಂದಿದ್ದ.

ಗರಿಗೆ ನಮ್ಮಲ್ಲಿ ಬರಗಾಲವಿಲ್ಲ. ಕಾದಾಟಕ್ಕೆ ಸಾಕುವ ಅಂಕದ ಕೋಳಿಗಳ ಕುತ್ತಿಗೆಯ ಗರಿ ಉದ್ದವಾಗಿ, ಗಟ್ಟಿಯಾಗಿ ಇರುತ್ತದೆ. ಹಳ್ಳದ ಮೇಲೆ ಬಾಗಿದ ಮರಗಳಲ್ಲಿ ಚಗಳಿ ಇರುವೆಯ ಗೂಡುಗಳಿವೆ. ಗಾಳಿ ಬೀಸಿದರೆ ಕೆಂಪಿರುವೆಗಳು ನೀರಿಗೆ ಉದುರುತ್ತವೆ, ಮೀನು ಬಾಯಿ ತೆರೆದು ಮೇಲೆ ಬರುತ್ತದೆ. ಹಾಗಾಗಿ ಭಾವ ಕೆಂಪು ಹುಂಜದ ಗರಿಯಿಂದ ಚಗಳಿಯನ್ನೇ ಕಟ್ಟುತ್ತಿದ್ದ. ನೂಲನ್ನು ಹಿಂದಕ್ಕೆ ಬೀಸಿ, ಅದು ಪೂರ್ತಿ ಬಿಚ್ಚಿಕೊಳ್ಳುವ ತನಕ ಒಂದು ಎಣಿಕೆ ನಿಂತು, ಮತ್ತೆ ಮುಂದಕ್ಕೆ ಬೀಸಬೇಕು. ನಾನು ಬಾಯಿಬಿಟ್ಟು ಎಣಿಸುತ್ತಿದ್ದೆ. ಮೀನಿಗೂ ಡ್ರಿಲ್ ಮಾಡಿಸುತ್ತೀರಾ ಎಂದು ಅವನು ನಗುತ್ತಿದ್ದ. ಪೆರುವೋಲ್ ಎಂಬ ದಪ್ಪ ಹುರುಪೆಯ ಮೀನು ಸಿಕ್ಕಿದರೆ ನೀರಿನಿಂದ ಎತ್ತದೆಯೇ ಕೊಕ್ಕೆ ಬಿಡಿಸಿ ಬಿಡುತ್ತಿದ್ದೆವು. ಅದು ಅವನ ನಿಯಮ. ಮೊದಲು ನನಗೆ ಹುಚ್ಚಾಟವೆನಿಸಿತ್ತು. ಒಮ್ಮೆ ನನ್ನ ಅಂಗೈಯ ಮೇಲಿಂದ ಒಂದು ಮೀನು ನಿಧಾನವಾಗಿ ಈಜಿ ಹೋದ ಮೇಲೆ ಹಾಗೆ ಅನಿಸಲಿಲ್ಲ.

ನನ್ನ ನಿಯಮ ಬೇರೆ ಇತ್ತು. ಸಂಗಮದಿಂದ ಸ್ವಲ್ಪ ಮೇಲೆ, ನಮ್ಮ ಹಳ್ಳಕ್ಕೆ ಕಿಂಡಿ ಅಣೆಕಟ್ಟು ಉಂಟು. ದಶಂಬರದಲ್ಲಿ ಕಿಂಡಿಗಳಿಗೆ ಎರಡು ಸಾಲು ಹಲಗೆ ಇಳಿಸಿ, ನಡುವೆ ಮಣ್ಣು ತುಂಬಿಸಿ ನೀರು ನಿಲ್ಲಿಸುತ್ತೇವೆ. ಮೇಲಿನ ತೋಟಗಳಿಗೆ ಬೇಸಿಗೆಯಲ್ಲಿ ಅದೇ ನೀರು. ಹಿಂದೊಂದು ವರ್ಷ ಒಂದೇ ಮಳೆಯನ್ನು ನಂಬಿ ಅವಸರದಲ್ಲಿ ಹಲಗೆ ತೆಗೆದದ್ದಾಯಿತು. ಆಮೇಲೆ ಮೂರು ವಾರ ಮಳೆಯಿಲ್ಲ. ದೊಡ್ಡ ಜಗಳ. ನೀರಿನ ಸಮಿತಿಯ ಕಾರ್ಯದರ್ಶಿಯಾಗಿ ನಾನು ಆಗ ನಿರ್ಣಯ ಬರೆದೆ: ಪತ್ತನಾಜೆಯ ಮರುದಿನ ಹಲಗೆ ತೆಗೆಯುವುದು, ಅದಕ್ಕೆ ಮೊದಲು ಯಾವ ಕಾರಣಕ್ಕೂ ತೆಗೆಯತಕ್ಕದ್ದಲ್ಲ. ಮೇ ಕೊನೆಗೆ, ಬೇಸಿಗೆಯ ಭೂತಕೋಲ, ಯಕ್ಷಗಾನದ ಆಟಗಳೆಲ್ಲ ನಿಲ್ಲುವ ದಿನ ಪತ್ತನಾಜೆ. ಅದರ ಲೆಕ್ಕ ಇಲ್ಲಿ ಎಲ್ಲರಿಗೂ ಗೊತ್ತು. ಜಗಳ ನಿಂತಿತು. ನನಗೆ ಅದರ ಬಗ್ಗೆ ಹೆಮ್ಮೆಯೂ ಇತ್ತು.

ಹೋದ ವರ್ಷ ಪತ್ತನಾಜೆಗೆ ಹತ್ತು ದಿನ ಇರುವಾಗ ಮೇಲಿನ ಗುಡ್ಡಗಳಲ್ಲಿ ಜೋರು ಮಳೆ ಸುರಿದು ಹಲಗೆಗಳ ಮೇಲಿಂದ ಕೆಂಪು ನೀರು ಧುಮುಕತೊಡಗಿತು. ಬೆಳಿಗ್ಗೆ ಆರಕ್ಕೆ ಮೊದಲೇ ಭಾವನ ಫೋನ್ ಬಂತು. ನಾವು ಮಾತಾಡಿದ್ದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಭಾವ, ಮೀನು ಬಂದು ಹಲಗೆಗೆ ಹೊಡೀತಾ ಉಂಟು. ಒಂದು ಕಿಂಡಿ ಬಿಡಿಸುವ. ಒಂದೇ ಸಾಕು."

"ಪತ್ತನಾಜೆ ಆಗಲಿ."

"ಮೀನಿಗೆ ಪಂಚಾಂಗ ಓದ್ಲಿಕ್ಕೆ ಬರ್ತದಾ ಮಾರಾಯ್ರೆ?"

ನಾನು ನಗಲಿಲ್ಲ. ಮೇಲಿನ ತೋಟದವರಿಗೆ ಏನು ಉತ್ತರ ಕೊಡುವುದು ಎಂದು ಕೇಳಿದೆ. ಇಷ್ಟು ಮಳೆ ಬಂದ ಮೇಲೆ ಒಂದು ಕಿಂಡಿಯಿಂದ ಯಾರ ತೋಟವೂ ಒಣಗುವುದಿಲ್ಲ ಎಂದು ಅವನು ಹೇಳಿದ. ಅದು ನನಗೂ ಗೊತ್ತಿತ್ತು. ನನ್ನನ್ನು ತಡೆದದ್ದು ತೋಟವಲ್ಲ. ಮಾಸ್ಟ್ರು ತಮ್ಮ ಮೀನಿನ ಹುಚ್ಚಿಗೆ ಊರಿನ ನೀರು ಬಿಟ್ಟರು ಎಂದು ಯಾರಾದರೂ ಆಡಿಕೊಂಡಾರು ಎಂಬ ಹೆದರಿಕೆ. ಅದನ್ನು ಅವನಿಗೆ ಹೇಳಲಿಲ್ಲ. ನಿಯಮ ನಿಯಮವೇ ಎಂದು ಫೋನ್ ಇಟ್ಟೆ. ಆಮೇಲೆ ಸ್ನಾನ ಮಾಡಿದೆ, ಪೇಪರ್ ಓದಿದೆ, ಎಂಟಕ್ಕೆ ತಿಂಡಿ ತಿಂದೆ. ತಮ್ಮ ಬೆಳಿಗ್ಗೆಯಿಂದ ನೀರಿನಲ್ಲೇ ನಿಂತಿದ್ದಾನಂತೆ, ಒಮ್ಮೆ ಹೋಗಿ ಬನ್ನಿ ಎಂದು ಹೆಂಡತಿ ಎರಡು ಸಲ ಹೇಳಿದಳು. ನಾನು ಹೊರಟದ್ದು ಒಂಬತ್ತರ ಮೇಲೆ.

ದೂರದಿಂದಲೇ ರಸ್ತೆಬದಿಯಲ್ಲಿ ಬೈಕುಗಳ ಸಾಲು ಕಂಡಿತು. ಅಣೆಕಟ್ಟಿನ ಕೆಳಗೆ ಮೂವತ್ತು ನಲವತ್ತು ಜನ. ಬಲೆ, ಗೋಣಿ, ಕತ್ತಿ. ಒಬ್ಬ ಕೊಡೆಯನ್ನೇ ಮಗುಚಿ ಹಿಡಿದಿದ್ದ. ಮುಂದೆ ಹಲಗೆ, ಹಿಂದೆ ಜನ, ಮೀನಿಗೆ ಹೋಗಲು ಜಾಗವೇ ಇರಲಿಲ್ಲ. ಮೊಣಕಾಲು ನೀರಿನಲ್ಲಿ ತಳ್ಳಾಡುತ್ತಿದ್ದವುಗಳನ್ನು ಕತ್ತಿಯಲ್ಲಿ ಹೊಡೆದು ಎಸೆಯುತ್ತಿದ್ದರು. ಭಾವ ನಡುವೆ ನಿಂತು ದೊಡ್ಡದನ್ನಾದರೂ ಬಿಡಿ, ಹೊಟ್ಟೆಯಲ್ಲಿ ಮೊಟ್ಟೆ ಉಂಟು ಎಂದು ಹೇಳುತ್ತಲೇ ಇದ್ದ.

"ಬಿಡುವುದು ಎಲ್ಲಿಗೆ?" ಎಂದ ಕತ್ತಿ ಹಿಡಿದ ಒಬ್ಬ. ನನ್ನನ್ನು ಕಂಡು, ನನಗೂ ಕೇಳುವ ಹಾಗೆ ದನಿ ಎತ್ತರಿಸಿ ಭಾವನಿಗೆ ಹೇಳಿದ. "ನಿಮ್ಮ ಭಾವನೇ ಅಲ್ವಾ ಬಾಗಿಲು ಹಾಕಿ ಕೂತದ್ದು? ನಮಗೆ ಬೈದು ಏನು ಪ್ರಯೋಜನ?"

ಎಲ್ಲರೂ ನಕ್ಕರು. ಕಾಂಕ್ರೀಟಿನ ಮೇಲೆ ತೋಳುದ್ದದ ಒಂದು ಪೆರುವೋಲ್ ಬಿದ್ದಿತ್ತು. ಸೀಳಿದ ಹೊಟ್ಟೆಯಿಂದ ಹಳದಿ ಮೊಟ್ಟೆಗಳು ಹೊರಬಂದು ಯಾರದೋ ಚಪ್ಪಲಿಗೆ ಅಂಟಿದ್ದವು. ಭಾವ ನನ್ನನ್ನು ನೋಡಿದ. ನೀರಿನಿಂದ ಮೇಲೆ ಬಂದು, ಮಡಚಿದ್ದ ಪ್ಯಾಂಟು ಇಳಿಸಿಕೊಂಡು ಮನೆಗೆ ಹೋದ.

ನಾವು ನಿಯಮದ ಪ್ರಕಾರ ಪತ್ತನಾಜೆಯ ಮರುದಿನ ಹಲಗೆ ತೆಗೆದೆವು. ಉಳಿದವು ಹತ್ತಿದವೋ ಇಲ್ಲವೋ ನೋಡಿದವರಿಲ್ಲ. ಭಾವ ಮನೆಗೆ ಬರುವುದನ್ನು ಬಿಡಲಿಲ್ಲ. ಅಕ್ಕನ ಹತ್ತಿರ ಮಾತಾಡುತ್ತಿದ್ದ, ಊಟ ಮಾಡುತ್ತಿದ್ದ. ಮೀನಿನ ಸುದ್ದಿ ಮಾತ್ರ ಎತ್ತಲಿಲ್ಲ. ಈ ವರ್ಷ ಶಿವರಾತ್ರಿ ಕಳೆದ ಮೇಲೆ ನಾನೊಬ್ಬನೇ ಕೋಲು ಹಿಡಿದು ಹನ್ನೆರಡು ದಿನ ಹೋದೆ. ಚಗಳಿಗಳು ಉದುರುತ್ತಿದ್ದವು. ಕೆಳಗೆ ನೀರು ಅಲುಗಲಿಲ್ಲ. ಬೆರಳುದ್ದದ ಮೀನುಗಳಷ್ಟೇ ಬಂದು ಇರುವೆಯನ್ನು ಮುಟ್ಟಿ ಹೋಗುತ್ತಿದ್ದವು. ಹದಿಮೂರನೆಯ ದಿನ ಅವನಿಗೆ ಹೇಳಿದೆ, ಮೇಲೆ ಏನೂ ಇಲ್ಲ ಎಂದು.

"ನನಗೆ ಗೊತ್ತುಂಟು ಭಾವ," ಎಂದ. "ನೀವು ಹೋಗುವ ಮೊದಲೇ ಗುಂಡಿಗಳನ್ನೆಲ್ಲ ನೋಡಿ ಬಂದಿದ್ದೇನೆ."

ನಾನು ಸಮಿತಿಯ ಸಭೆ ಕರೆದು ನಿರ್ಣಯ ತಿದ್ದಬೇಕೆಂದೆ. ಮೊದಲ ಮಳೆಗೆ ಒಂದು ಕಿಂಡಿಯನ್ನಾದರೂ ತೆರೆಯಲಿ. ಅಣೆಕಟ್ಟಿನ ಮೇಲಿನ ಮೊದಲ ತೋಟ ಸಮಿತಿಯ ಅಧ್ಯಕ್ಷರದು. ಅವರು ಪುಸ್ತಕ ತೆರೆದು ನನ್ನ ನಿರ್ಣಯವನ್ನೇ ಓದಿದರು. ಯಾವ ಕಾರಣಕ್ಕೂ ಎಂದು ಬರೆದದ್ದು ನೀವೇ ಅಲ್ವಾ ಮಾಸ್ಟ್ರೇ ಎಂದು ಕೇಳಿದರು. ದನಿಯಲ್ಲಿ ಕೋಪವಿರಲಿಲ್ಲ. ಒಂದು ಗಂಟೆ ಚರ್ಚೆಯಾದ ಮೇಲೆ ಒಪ್ಪಿದರು. ತೋಟಕ್ಕೆ ನೀರು ಕಡಿಮೆಯಾದರೆ ಅದರ ಹೊಣೆ ಕಾರ್ಯದರ್ಶಿಯದು ಎಂದು ಸೇರಿಸಿದರು. ನಾನು ಸಹಿ ಹಾಕಿದೆ.

ಈ ವರ್ಷವೂ ಮಳೆ ಬೇಗ ಬಂತು. ಭಾವನಿಗೆ ಫೋನ್ ಮಾಡಿದವನು ಈ ಸಲ ನಾನು. ಇಬ್ಬರೂ ಹಾರೆಯಲ್ಲಿ ಮಣ್ಣು ಸಡಿಲಿಸಿ, ಬುಟ್ಟಿಯಲ್ಲಿ ಎತ್ತಿ ಹಾಕಿ, ಒಂದು ಕಿಂಡಿಯ ಹಲಗೆಗಳನ್ನು ಎಳೆದೆವು. ಕತ್ತಿ ಹಿಡಿದು ಏಳೆಂಟು ಜನ ಬಂದಿದ್ದರು. ಮೀನು ಒಂದೇ ಕಡೆ ರಾಶಿ ಬೀಳದ ಕಾರಣ ಬೇಸತ್ತು ಹೋದರು. ಕೆಂಪು ನೀರು ಮಧ್ಯಾಹ್ನದ ತನಕ ರಭಸದಿಂದ ಇಳಿಯಿತು. ಏನೂ ಕಾಣುತ್ತಿರಲಿಲ್ಲ. ಒಂದು ದೊಡ್ಡದು ಹೋಯಿತು ಎಂದು ಭಾವ ಒಮ್ಮೆ ನನ್ನ ತೋಳು ಹಿಡಿದ. ನಾನು ತಿರುಗುವಾಗ ಬರೇ ನೀರು.

ಆಮೇಲೆ ಮಳೆ ಬರಲಿಲ್ಲ. ಆರನೆಯ ದಿನಕ್ಕೆ ಅಧ್ಯಕ್ಷರ ಪಂಪಿನ ಪೈಪು ನೀರಿನಿಂದ ಮೇಲಾಯಿತು. ಅವರು ದಿನಾ ಏಳು ಗಂಟೆಗೆ ಬಂದು ದಂಡೆಯಲ್ಲಿ ನಿಂತು ಹೋಗುತ್ತಿದ್ದರು. ಎಂಟನೆಯ ದಿನ ಬೆಳಿಗ್ಗೆ ನನ್ನ ಅಂಗಳಕ್ಕೆ ಬಂದರು. ಕೂರಿ ಎಂದರೆ ಕೂರಲಿಲ್ಲ.

"ಮಾಸ್ಟ್ರೇ, ಹಲಗೆ ಹಾಕುವ. ಇಲ್ಲದಿದ್ದರೆ ಸಣ್ಣ ಗಿಡಗಳು ಉಳಿಯುವುದಿಲ್ಲ."

ಆಗಲಿ ಎಂದೆ. ಹೇಗೆ ಹೇಳುವುದೆಂದು ಯೋಚಿಸುತ್ತಾ ಭಾವನ ಮನೆಗೆ ಹೋದೆ. ಅವನು ಪೂರ್ತಿ ಕೇಳದೆ ಎದ್ದು ಹಾರೆ ತೆಗೆದುಕೊಂಡ. ಕಿಂಡಿಯಲ್ಲಿ ಪಾದ ಮುಳುಗುವಷ್ಟೇ ನೀರಿತ್ತು. ಅವನು ಒಂದೊಂದೇ ಹಲಗೆ ಎತ್ತಿ ಕೊಟ್ಟ, ನಾನು ಇಳಿಸಿದೆ. ಎರಡು ಸಾಲೂ ಮುಗಿದ ಮೇಲೆ ಮಣ್ಣಿನ ಬುಟ್ಟಿ ಎತ್ತಿಕೊಂಡೆ.

"ಮಣ್ಣು ಬೇಡ," ಎಂದ. "ಮಣ್ಣಿಲ್ಲದಿದ್ದರೆ ಮಳೆ ಬಂದ ಕೂಡಲೇ ನಾವಿಬ್ಬರೇ ಎತ್ತಬಹುದು."

ಹಲಗೆಯ ಸಂದಿಗಳಲ್ಲಿ ನೀರು ಸೋರುತ್ತಿತ್ತು. ಅಧ್ಯಕ್ಷರು ದಂಡೆಯಿಂದ ಅದನ್ನೇ ನೋಡುತ್ತಿದ್ದರು. ನಾನು ಬುಟ್ಟಿ ಕೆಳಗಿಟ್ಟೆ.