ಎರ್ಮೆಲಿಂದಾಳ ಹಿಂದೆ ನಿಂತವರು

ಇದಾಲ್ಮಿಸ್ ನಲವತ್ತಾರನೆಯ ವಯಸ್ಸಿನಲ್ಲಿ ಮಾಹಿತಿ ತಂತ್ರಜ್ಞಾನದ ಮಾಸ್ಟರ್ಸ್ ಓದಲು ಹೊರಟಾಗ ನಮ್ಮ ಕಡಲತಡಿಯ ಊರು ಹಿಬಾರಾದಲ್ಲಿ ನಗದೆ ಇದ್ದದ್ದು ಎರಡೇ ಜೀವ. ಒಂದು ಅವಳ ತಾಯಿ ಎರ್ಮೆಲಿಂದಾ, ಇನ್ನೊಂದು ಅವರ ಮನೆಯ ಮುದಿ ನಾಯಿ. ನಾಯಿ ಯಾವುದಕ್ಕೂ ನಗುತ್ತಿರಲಿಲ್ಲ, ಅದನ್ನು ಲೆಕ್ಕದಿಂದ ಬಿಡಬಹುದು. ಉಳಿದ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಈ ವಯಸ್ಸಿಗೆ ಹೆಂಗಸರು ಮೊಮ್ಮಕ್ಕಳ ಮೂಗು ಒರೆಸುತ್ತಾರೆ. ಇವಳು ಶನಿವಾರ ಬಂದರೆ ನಮಗೆ ಬಸ್ಸಿನ ಬದಲಿಗಿರುವ ಲಾರಿ ಹತ್ತಿ ಓಲ್ಗಿನ್ ಪೇಟೆಗೆ ಪಾಠ ಕೇಳಲು ಹೋಗುತ್ತಾಳೆ ಎಂದರೆ ನಗು ಬಾರದೆ ಇರುತ್ತದೆಯೇ?

ಊರಿನ ಶಾಲೆಯಲ್ಲಿ ಅವಳು ಕಂಪ್ಯೂಟರ್ ಟೀಚರ್. ಕರೆಂಟು ಇದ್ದ ದಿನ ಮಕ್ಕಳು ಕಂಪ್ಯೂಟರ್ ಮುಟ್ಟುತ್ತಿದ್ದರು, ಇಲ್ಲದ ದಿನ ಅದರ ಚಿತ್ರ ಬರೆಯುತ್ತಿದ್ದರು. ನಮ್ಮ ಮಕ್ಕಳು ಚಿತ್ರಕಲೆಯಲ್ಲಿ ಮುಂದಿರುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ. ಸ್ವಭಾವದಿಂದಲೇ ಅವಳು ಕನಸುಗಾತಿ. ಕರೆಂಟು ಹೋದ ಮಧ್ಯಾಹ್ನಗಳಲ್ಲಿ ಫ್ಯಾನು ನಿಂತು, ರೇಡಿಯೋ ನಿಂತು, ಸುಣ್ಣ ಬಳಿದ ಗೋಡೆಗಳ ಮೇಲೆ ಬಿಸಿಲು ಅಲ್ಲಾಡದೆ ಕೂತು, ಇಡೀ ಊರು ಕಡಲಿನ ಉಸಿರು ಕೇಳುತ್ತ ಮಂಪರಿನಲ್ಲಿ ಬಿದ್ದಿರುವಾಗ ಅವಳು ಜಗಲಿಯ ತೂಗುಕುರ್ಚಿಯಲ್ಲಿ ಕೂತು ಲ್ಯಾಪ್‌ಟಾಪಿನ ಬ್ಯಾಟರಿ ಇರುವಷ್ಟು ಹೊತ್ತು ಪ್ರಬಂಧ ಬರೆಯುತ್ತಿದ್ದಳು. ಬ್ಯಾಟರಿ ಮುಗಿದ ಮೇಲೆ ಕಣ್ಣು ಮುಚ್ಚಿ ಮನಸ್ಸಿನಲ್ಲೇ ಮುಂದುವರಿಸುತ್ತಿದ್ದಳು. ಎಷ್ಟನ್ನು ಬರೆದೆ, ಎಷ್ಟನ್ನು ಕನಸಿನಲ್ಲಿ ಕಂಡೆ ಎಂಬುದು ಆಮೇಲೆ ಅವಳಿಗೇ ತಿಳಿಯುತ್ತಿರಲಿಲ್ಲ.

"ಹೋದ ಸಲ ಹೇಳಿದ್ಯಲ್ಲ, ಆ ಮೂರನೇ ಅಧ್ಯಾಯ, ಈ ಫೈಲಲ್ಲಿ ಎಲ್ಲೂ ಇಲ್ವಲ್ಲಮ್ಮ?" ಎಂದು ಗೈಡ್ ಪ್ರೊಫೆಸರ್ ಗ್ರಿಸೆಲ್ ಒಮ್ಮೆ ಕೇಳಿದರು.

"ಅಯ್ಯೋ, ಅದನ್ನ ನಿದ್ದೇಲಿ ಬರೆದೆ ಅನ್ಸುತ್ತೆ ಮೇಡಂ."

"ಹಾಗಾದ್ರೆ ಮಾರ್ಕೂ ನಿದ್ದೇಲೇ ಕೊಡ್ತೀನಿ ಬಿಡು."

ಎರ್ಮೆಲಿಂದಾಳಿಗೆ ಮಾತ್ರ ಮಗಳ ಮೇಲೆ ಎಳ್ಳಷ್ಟೂ ಸಂಶಯವಿರಲಿಲ್ಲ. ಬೆಳಗಾದರೆ ಬ್ರೆಡ್ಡಿನ ಕ್ಯೂಗೆ ಬಂದವಳು ಕೇಳಿದವರಿಗೂ ಕೇಳದವರಿಗೂ, "ನನ್ನ ಮಗಳು ಮಾಸ್ಟರ್ ಆಗ್ತಾಳೆ, ಗೊತ್ತಾ?" ಎನ್ನುತ್ತಿದ್ದಳು. ಅವಳು ಸ್ವತಃ ಮೂರನೇ ಕ್ಲಾಸಿಗೇ ಶಾಲೆ ಬಿಟ್ಟು ಏಡಿ ಬಿಡಿಸುವ ಕೆಲಸಕ್ಕೆ ಹೋದವಳು. ಮಗಳ ಹೆಸರಿನ ಮುಂದೆ ಆ ಒಂದು ಮಾತು ಬಂದರೆ ತನ್ನ ಜನ್ಮ ಸಾರ್ಥಕ ಎಂದುಕೊಂಡಿದ್ದಳು. ಇದಾಲ್ಮಿಸ್ ಓದಲು ಹೊರಟದ್ದೂ ಅದಕ್ಕೇ, ಸಂಬಳ ಏರುತ್ತದೆಂದಲ್ಲ. ಅಮ್ಮ ಆ ಸುದ್ದಿ ಕೇಳಬೇಕು, ಕೇಳಿದಾಗ ಅವಳ ಮುಖ ಹೇಗಾಗುತ್ತದೆಂದು ತಾನು ನೋಡಬೇಕು. ಅಷ್ಟೇ ಅವಳ ಆಸೆ.

ಪ್ರಬಂಧಕ್ಕೆ ಅವಳು ಆರಿಸಿಕೊಂಡದ್ದು ಆ ಕ್ಯೂವನ್ನೇ. ನಮ್ಮಲ್ಲಿ ಕ್ಯೂ ಎಂದರೆ ಒಬ್ಬರ ಬೆನ್ನಿಗೆ ಒಬ್ಬರು ಅಂಟಿಕೊಂಡು ಬಿಸಿಲಲ್ಲಿ ಬೇಯುವುದಲ್ಲ. ಬಂದವರು, "ಕೊನೆಯವರು ಯಾರು?" ಎಂದು ಕೂಗುತ್ತಾರೆ, ಯಾರೋ ಕೈ ಎತ್ತುತ್ತಾರೆ. "ನೀವು ಯಾರ ಹಿಂದೆ?" ಎಂದು ಅದನ್ನೂ ಕೇಳಿಟ್ಟುಕೊಳ್ಳಬೇಕು, ಯಾಕೆಂದರೆ ಕೈ ಎತ್ತಿದ ಮಹಾಶಯ ಬೇಸತ್ತು ಮನೆಗೆ ಹೋದರೂ ನಮ್ಮ ಸರದಿ ಕೆಡಬಾರದು. ಆಮೇಲೆ ಎಲ್ಲರೂ ಚದುರಿಬಿಡುತ್ತಾರೆ: ಒಬ್ಬರು ಮರದ ಕೆಳಗೆ, ಒಬ್ಬರು ಕಡಲ ಗೋಡೆಯ ಮೇಲೆ, ಒಬ್ಬರು ಪಕ್ಕದ ಮನೆಯ ಅಡುಗೆಮನೆಯಲ್ಲಿ ಕಾಫಿಗೆ. ನೋಡಿದರೆ ಕ್ಯೂ ಇದೆಯೆಂದೇ ಅನ್ನಿಸುವುದಿಲ್ಲ. ಬಾಗಿಲು ತೆರೆದ ತಕ್ಷಣ ಎಲ್ಲರೂ ತಂತಮ್ಮ ಜಾಗಕ್ಕೆ ಬಂದು ನಿಲ್ಲುತ್ತಾರೆ, ಒಂದು ಕೂದಲೂ ಅತ್ತಿತ್ತ ಆಗುವುದಿಲ್ಲ.

ಇದೆಲ್ಲ ಹಳೇ ಕಾಲದ ರಗಳೆ ಎಂದು ಇದಾಲ್ಮಿಸ್ ತೀರ್ಮಾನಿಸಿದಳು. ಮೊಬೈಲಿನಲ್ಲಿ ಪ್ರತಿಯೊಬ್ಬರಿಗೂ ಒಂದು ನಂಬರು, ಸರದಿ ಬಂದಾಗ ಒಂದು ಗಂಟೆ. ಇಂಥದೊಂದು ಪ್ರೋಗ್ರಾಂ ಬರೆದಳು. ಮನೆಯಲ್ಲೇ ಇರಿ, ಗಂಟೆ ಹೊಡೆದಾಗ ಬನ್ನಿ, ಯಾರನ್ನೂ ಏನೂ ಕೇಳಬೇಕಾಗಿಲ್ಲ ಎಂದು ಊರಿಗೆಲ್ಲ ಸಾರಿದಳು. ಬ್ರೆಡ್ಡಿನ ಅಂಗಡಿಯಲ್ಲಿ ಒಂದು ಬೆಳಗಿನ ಪರೀಕ್ಷೆಗೆ ಒಪ್ಪಿಗೆಯೂ ಸಿಕ್ಕಿತು. ಅದು ಸರಿಹೋದರೆ ತಿಂಗಳೊಪ್ಪತ್ತಿನಲ್ಲಿ ವೈವಾ, ವೈವಾ ಆದರೆ ಮಾಸ್ಟರ್.

ಮನೆಯಲ್ಲಿ ಕೂರಲೊಲ್ಲದೆ ಎಂದಿನಂತೆ ಹೊರಟ ಅಮ್ಮನ ಚೀಲಕ್ಕೂ ಒಂದು ಹಳೆಯ ಮೊಬೈಲು ಹಾಕಿದಳು. "ಇವತ್ತು ಯಾರ ಹತ್ರಾನೂ ಕೊನೆಯವರು ಯಾರು ಅಂತ ಕೇಳ್ಬೇಡ ಅಮ್ಮ. ಇದು ಕೂಗ್ದಾಗ ಹೋಗು, ಅಷ್ಟೇ."

"ಇದು ಕೂಗ್ದೇ ಇದ್ರೆ?"

"ಕೂಗುತ್ತೆ ಕಣಮ್ಮ, ನಾನೇ ಬರೆದಿರೋದು."

ನಾವು ನಮ್ಮ ಬುದ್ಧಿ ಬಿಡುತ್ತೇವೆಯೇ? ನಂಬರು ತೆಗೆದುಕೊಂಡೆವು, ಅಭ್ಯಾಸಬಲದಿಂದ ಅತ್ತೆಗೊಂದು, ಓರಗಿತ್ತಿಗೊಂದು, ಊರಿಗೆ ಬರಬಹುದಾದ ಷಡ್ಡಕನಿಗೊಂದು ಎಂದು ಹೆಚ್ಚಿಗೆ ಹಿಡಿದಿಟ್ಟೆವು. ಅಷ್ಟೂ ಸಾಲದೆಂಬಂತೆ ಬಾಯಲ್ಲೂ ಒಂದು ಕ್ಯೂ ಹಚ್ಚಿದೆವು. ಹೀಗೆ ಒಂದೇ ಬ್ರೆಡ್ಡಿಗೆ ಎರಡು ಕ್ಯೂ ಆಗಿ, ಎರಡೂ ಸರಿಯೇ ಎಂದು ಜಗಳ ಕಾಯುತ್ತಿರುವಾಗ ಕರೆಂಟು ಹೋಯಿತು, ಅದರ ಹಿಂದೆಯೇ ಮೊಬೈಲಿನ ಸಿಗ್ನಲ್ಲೂ ಹೋಯಿತು. ಯಾವ ಗಂಟೆಯೂ ಹೊಡೆಯಲಿಲ್ಲ. ದನಿ ದೊಡ್ಡದಿದ್ದವರಿಗೆ ಬ್ರೆಡ್ಡು ಸಿಕ್ಕಿತು.

ಅಮ್ಮ ಮನೆಗೆ ಬಂದಿಲ್ಲವೆಂದು ಇದಾಲ್ಮಿಸ್‌ಗೆ ಗೊತ್ತಾದದ್ದು ಮಧ್ಯಾಹ್ನ ಕಳೆದ ಮೇಲೆ. ಪಾರ್ಕು, ಚರ್ಚು, ನೆಂಟರ ಮನೆ ಎಲ್ಲ ಹುಡುಕಿದಳು. ಕೊನೆಗೆ ಎಲಿಯೊದೋರೊ ಸಿಕ್ಕಿದ. ಇವನು ಮುದುಕ, ಮೊದಲು ಮೀನುಗಾರ, ಈಗ ಬಾಯಿಬಡುಕ. ಕ್ಯೂನಲ್ಲಿ ದಿನಾ ಎರ್ಮೆಲಿಂದಾಳ ಹಿಂದಿನವನು. ಅವನೇ ಇದಾಲ್ಮಿಸ್‌ಳನ್ನು ದೋಣಿಗಳ ಹತ್ತಿರಕ್ಕೆ ಕರೆದೊಯ್ದ. ಎರ್ಮೆಲಿಂದಾ ಅಲ್ಲಿ ಗೋಡೆಯ ಮೇಲೆ ಚೀಲ ಅಪ್ಪಿಕೊಂಡು, ಕಡಲು ನೋಡುತ್ತ ಕೂತಿದ್ದಳು. ಮುಖವೆಲ್ಲ ಬಿಸಿಲಿಗೆ ಕೆಂಪಾಗಿತ್ತು.

"ಇನ್ನೂ ಕೂಗಿಲ್ಲ ಕಂದ," ಎಂದಳು.

ಅವಳಿಗೆ ನೀರು ಕುಡಿಸಿ ಮನೆಗೆ ಕರೆತಂದು ಮಲಗಿಸಿದ ಮೇಲೆ ಎಲಿಯೊದೋರೊ ಜಗಲಿಯಲ್ಲಿ ಹ್ಯಾಟು ತಿರುಗಿಸುತ್ತ ನಿಂತ. ಯಾವತ್ತೂ ಮಾತಿಗೆ ಕೊರತೆಯಿಲ್ಲದವನು ಅವತ್ತು ತಡವರಿಸಿದ.

"ನಾವು ನಿಂಗೆ ಹೇಳ್ಬಾರ್ದು ಅಂತಿದ್ವಿ ಮಗಳೇ. ಅವಳಿಗೆ ಈಗೀಗ ತಾನು ಯಾರ ಹಿಂದೆ ಅನ್ನೋದು ನೆನಪಿರಲ್ಲ. ವರ್ಷದ ಮೇಲಾಯ್ತು. ನಾನು ಅವಳ ಮುಂದಿನವರನ್ನ ನೆನಪಿಟ್ಕೊಂಡು ಅವಳನ್ನ ಕಳಿಸ್ತಿದ್ದೆ. ನಾನಿಲ್ದಿದ್ರೆ ನನ್ನ ಹಿಂದಿನವ್ರು."

"ಇವತ್ತು ಯಾಕೆ ಕಳಿಸ್ಲಿಲ್ಲ?"

"ಯಾರನ್ನೂ ಏನೂ ಕೇಳ್ಬೇಡಿ ಅಂದ್ಯಲ್ಲಮ್ಮ. ಟೀಚರ್ ಹೇಳಿದ್ಮೇಲೆ ಸರಿ ಇರುತ್ತೆ ಅಂದ್ಕೊಂಡೆ."

ಇದಾಲ್ಮಿಸ್‌ಗೆ ಮನೆಯಲ್ಲಿ ಉಪ್ಪಿನ ಡಬ್ಬಿ ಫ್ರಿಜ್ಜಿನಲ್ಲಿ ಸಿಕ್ಕಿದ್ದು, ಅಮ್ಮ ಒಂದೇ ಕತೆಯನ್ನು ಊಟಕ್ಕೆ ಮೊದಲೂ ಊಟದ ನಂತರವೂ ಹೇಳಿದ್ದು ಎಲ್ಲ ಒಂದೊಂದಾಗಿ ನೆನಪಾದವು. ಪ್ರಬಂಧದ ಗುಂಗಿನಲ್ಲಿ ತಾನು ಅದಕ್ಕೆ ಹೂಂಗುಟ್ಟಿಕೊಂಡು ಕೂತಿದ್ದೆನಲ್ಲ ಎಂದು ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಡಾಕ್ಟರು ನೋಡಿ, ಇದು ಮರೆವಿನ ಕಾಯಿಲೆ, ವಾಸಿಯಾಗುವಂಥದ್ದಲ್ಲ, ನಿಧಾನವಾಗಿ ಏರಿದರೆ ಅದೇ ಪುಣ್ಯ ಎಂದರು.

ಇತ್ತ ಬ್ರೆಡ್ಡಿನ ಅಂಗಡಿಯ ಪರೀಕ್ಷೆ ಕೆಟ್ಟದ್ದಕ್ಕೆ ವೈವಾ ಮುಂದೆ ಹೋಯಿತು. ಬರುವ ಬೇಸಿಗೆ ಕಳೆಯುವುದರೊಳಗೆ ಮುಗಿಸದಿದ್ದರೆ ಮತ್ತೆ ಮೊದಲಿನಿಂದ ಓದಬೇಕು. ಬೇಸಿಗೆಯ ಚಿಂತೆ ಅವಳಿಗಿರಲಿಲ್ಲ, ಅಮ್ಮನ ಚಿಂತೆ. ಸುದ್ದಿ ತರುವ ಹೊತ್ತಿಗೆ ಅದನ್ನು ಕೇಳಿ ಖುಷಿಪಡಲು ಅಮ್ಮ ಅಮ್ಮನಾಗಿಯೇ ಉಳಿದಿರುತ್ತಾಳೆಯೇ?

ಲಾರಿಯ ಬೆಂಚಿನಲ್ಲಿ ತೂಕಡಿಸುವಾಗ ಅವಳಿಗೆ ಒಂದೇ ಕನಸು ಬೀಳತೊಡಗಿತು. ಊರಿನ ಕ್ಯೂ ಕಡಲ ಗೋಡೆ ದಾಟಿ ನೀರಿನೊಳಗೆ ಇಳಿದಿದೆ. ಎಲ್ಲರೂ ಸೊಂಟದವರೆಗಿನ ನೀರಿನಲ್ಲಿ ನಿಂತು ಹರಟುತ್ತಿದ್ದಾರೆ, ಯಾರಿಗೂ ಅವಸರವಿಲ್ಲ. ತೀರಿಹೋದ ಅಪ್ಪನೂ ಇದ್ದಾನೆ, ಅಜ್ಜಿಯೂ ಇದ್ದಾಳೆ. ನೀರು ಬೆಚ್ಚಗಿದೆ, ಬೆಳಕು ಹಾಲಿನಂತಿದೆ. ದೂರದಲ್ಲಿ, ಎಲ್ಲರಿಗಿಂತ ಹಿಂದೆ, ಎರ್ಮೆಲಿಂದಾ ಒಬ್ಬಳೇ ನಿಂತಿದ್ದಾಳೆ. ಅವಳ ಹಿಂದೆ ಯಾರೂ ಇಲ್ಲ. ಇದಾಲ್ಮಿಸ್ ಅವಳ ಹಿಂದೆ ಹೋಗಿ ನಿಲ್ಲಬೇಕೆಂದು ನಡೆಯುತ್ತಾಳೆ, ನಡೆದಷ್ಟೂ ನೀರೇ. ಲಾರಿ ಗುಂಡಿಗೆ ಬಿದ್ದಾಗ ಎಚ್ಚರವಾಗುತ್ತಿತ್ತು, ಕೆನ್ನೆ ಒದ್ದೆಯಾಗಿರುತ್ತಿತ್ತು. ಪಕ್ಕದವರು ಬೆವರು ಎಂದುಕೊಂಡರೆ ಅವಳು ತಿದ್ದುತ್ತಿರಲಿಲ್ಲ.

ಒಂದು ಶನಿವಾರ ಹಾಗೆ ಎಚ್ಚರವಾದಾಗ ಅವಳಿಗೆ ಹೊಳೆಯಿತು: ಕ್ಯೂನಲ್ಲಿ ನಂಬರಿಗೆ ಕೆಲಸವೇ ಇಲ್ಲ. ಹಳೆಯ ಪ್ರೋಗ್ರಾಂ ಅಳಿಸಿ ಹೊಸದು ಬರೆದಳು. ಇದರಲ್ಲಿ ಪ್ರತಿ ಮೊಬೈಲೂ ತನ್ನ ಮುಂದಿನ ಇಬ್ಬರನ್ನೂ ಹಿಂದಿನ ಒಬ್ಬರನ್ನೂ ಮಾತ್ರ ನೆನಪಿಡುತ್ತದೆ. ಸಿಗ್ನಲ್ ಬೇಡ, ಮೊಬೈಲುಗಳು ಹತ್ತಿರವಿದ್ದರೆ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತವೆ. ಒಂದು ಸತ್ತರೆ ಅಕ್ಕಪಕ್ಕದವು ಕೈ ಹಿಡಿದುಕೊಳ್ಳುತ್ತವೆ. ಎಲ್ಲರ ಲೆಕ್ಕವನ್ನೂ ಒಂದೇ ಕಡೆ ಇಟ್ಟುಕೊಳ್ಳುವ ದೊಡ್ಡ ಯಂತ್ರ ಎಲ್ಲೂ ಇಲ್ಲ. ಬ್ಯಾಟರಿ ಮುಗಿದ ಮಧ್ಯಾಹ್ನಗಳಲ್ಲಿ ಕಣ್ಣು ಮುಚ್ಚಿ ಬರೆದದ್ದನ್ನು ಈ ಸಲ ಕರೆಂಟು ಬಂದ ಕೂಡಲೇ ಫೈಲಿಗೆ ಇಳಿಸುತ್ತಿದ್ದಳು. ಎರ್ಮೆಲಿಂದಾ ಪಕ್ಕದಲ್ಲಿ ಕೂತು, "ಪರೀಕ್ಷೆ ಯಾವಾಗ ಕಂದ?" ಎಂದು ಕೇಳುತ್ತಿದ್ದಳು. ಇನ್ನೊಂದು ಗಳಿಗೆಗೆ ಮತ್ತೆ ಕೇಳುತ್ತಿದ್ದಳು.

ಬ್ರೆಡ್ಡಿನ ಅಂಗಡಿಯಲ್ಲಿ ಹೊಸದರ ಪರೀಕ್ಷೆ ಸರಿಹೋಗಿ, ಜುಲೈನಲ್ಲಿ, ನಮ್ಮ ಕಡೆಯ ನಡುಬೇಸಿಗೆಯಲ್ಲಿ, ವೈವಾ ಆಯಿತು. ಪರೀಕ್ಷಕರಲ್ಲಿ ಒಬ್ಬರು ಕನ್ನಡಕದ ಮೇಲಿಂದ ನೋಡಿ, "ನಡುವೆ ಒಬ್ಬರು ಎಲ್ಲಾನೂ ಮರೆತುಬಿಟ್ರೆ ನಿಮ್ಮ ಸಿಸ್ಟಂ ಗತಿ ಏನು?" ಎಂದರು.

"ಏನೂ ಆಗಲ್ಲ ಸಾರ್. ಅವರ ಸರದಿ ಅವರಿಗೆ ಸಿಗುತ್ತೆ. ಹಿಂದಿನವರು ಮರೀದಿದ್ರೆ ಸಾಕು." ಅಲ್ಲಿಯವರೆಗೆ ಸ್ಪಷ್ಟವಾಗಿದ್ದ ಅವಳ ದನಿ ಅಲ್ಲಿ ಒಡೆಯಿತು. ಗ್ರಿಸೆಲ್ ಮೇಡಂ ಎದ್ದು ನೀರಿನ ಲೋಟ ಕೊಟ್ಟರು. ನಿದ್ದೆಯಲ್ಲಿ ಕೊಡುತ್ತೇನೆಂದಿದ್ದ ಮಾರ್ಕನ್ನು ಎಚ್ಚರದಲ್ಲೇ, ಅದೂ ಧಾರಾಳವಾಗಿ ಕೊಟ್ಟರು.

ಲಾರಿಯಿಂದ ಇಳಿದವಳು ಓಡಿಕೊಂಡೇ ಮನೆಗೆ ಬಂದಳು. "ಅಮ್ಮಾ, ಪಾಸಾದೆ! ಮಾಸ್ಟರ್ ಆದೆ!"

ಎರ್ಮೆಲಿಂದಾ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಕಣ್ಣು ಅಷ್ಟಗಲವಾದವು. ಮಗಳನ್ನು ತಬ್ಬಿ, ನಾಯಿಯನ್ನು ತಬ್ಬಿ, ಬೀದಿಗೆ ಹೋಗಿ ಕೂಗಿ ಹೇಳಿ, ಕಾಫಿ ಮಾಡಿ, ಕಾಫಿಗೆ ಸಕ್ಕರೆ ಎರಡು ಸಲ ಹಾಕಿ ಸಂಭ್ರಮಪಟ್ಟಳು. ಇದಾಲ್ಮಿಸ್ ಆ ಮುಖವನ್ನು ಕಣ್ತುಂಬ ನೋಡಿದಳು. ಬದುಕಿನಲ್ಲಿ ಅಷ್ಟು ಸುಖ ಅವಳಿಗೆ ಹಿಂದೆಂದೂ ಆಗಿರಲಿಲ್ಲ.

ಊಟಕ್ಕೆ ಕೂತಾಗ ಎರ್ಮೆಲಿಂದಾ ಅನ್ನ ಕಲಸುತ್ತ ಕೇಳಿದಳು: "ನಿನ್ನ ಪರೀಕ್ಷೆ ಯಾವಾಗ ಕಂದ?"

ಇದಾಲ್ಮಿಸ್ ಎದ್ದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಇಷ್ಟು ವರ್ಷ ಲಾರಿಯಲ್ಲಿ ಮೈ ಪುಡಿ ಮಾಡಿಕೊಂಡದ್ದು ಈ ಒಂದು ದಿನಕ್ಕೆ, ಆ ದಿನ ರಾತ್ರಿ ಊಟದವರೆಗೂ ಬಾಳಲಿಲ್ಲವಲ್ಲ ಎಂದು ದೇವರ ಮೇಲೂ ತನ್ನ ಮೇಲೂ ಕೋಪ ಬಂತು. ಮಾರನೆಯ ದಿನ ಅಮ್ಮ ಚೀಲ ಹಿಡಿದು ಬ್ರೆಡ್ಡಿಗೆ ಹೊರಟಾಗ ಅವಳು ಹಾಸಿಗೆಯಿಂದ ಏಳಲೂ ಇಲ್ಲ.

ಸ್ವಲ್ಪ ಹೊತ್ತಿಗೆ ಬೀದಿಯ ತುದಿಯಿಂದಲೇ ಕೂಗು ಕೇಳಿಸಿತು. "ಇದಾಲ್ಮಿಸ್! ಎಲ್ಲಿದ್ದೀಯೇ?" ಎರ್ಮೆಲಿಂದಾ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತಿದ್ದಳು. ಮುಖ ನಿನ್ನೆಯಂತೆಯೇ ಹೊಳೆಯುತ್ತಿತ್ತು. "ನೀನು ಮಾಸ್ಟರ್ ಆದ್ಯಂತೆ! ಎಲಿಯೊದೋರೊ ಹೇಳ್ದ! ಊರಿಗೆಲ್ಲ ಗೊತ್ತು, ಹೆತ್ತ ನಂಗೇ ಹೇಳಿಲ್ವಲ್ಲೇ ಕಳ್ಳಿ!"

'ನಿನ್ನೆ ಹೇಳಿದ್ದೆ ಅಮ್ಮ' ಎಂಬ ಮಾತು ಇದಾಲ್ಮಿಸ್‌ಳ ನಾಲಿಗೆಯವರೆಗೆ ಬಂತು. ನುಂಗಿಕೊಂಡಳು.

ಮರುದಿನ ಮತ್ತೆ ಹಾಗೆಯೇ ಆಯಿತು, ಅದರ ಮರುದಿನವೂ. ಈಗ ಬ್ರೆಡ್ಡಿನ ಕ್ಯೂನಲ್ಲಿ ಎರ್ಮೆಲಿಂದಾಳಿಗೆ ಸುದ್ದಿ ಹೇಳುವುದಕ್ಕೇ ನಮ್ಮಲ್ಲಿ ಪೈಪೋಟಿ. "ನಿನ್ನೆ ನೀನು ಹೇಳ್ದೆ, ಇವತ್ತು ನಂದು," ಎಂದು ಮುದುಕರು ಕಿತ್ತಾಡುತ್ತಾರೆ, ಎಲಿಯೊದೋರೊ ಮಾತ್ರ ಯಾರ ಸರದಿಯನ್ನಾದರೂ ಕದಿಯಲು ಹೊಂಚು ಹಾಕುತ್ತಿರುತ್ತಾನೆ. ಅವಳ ಮುಖ ಅರಳುವುದನ್ನು ನೋಡಿದವರಿಗೆ ದಿನವೆಲ್ಲ ಚೆನ್ನಾಗಿ ಹೋಗುತ್ತದೆ, ಅದಕ್ಕೆ. ಎರ್ಮೆಲಿಂದಾ ಬಿಸಿ ಬ್ರೆಡ್ಡನ್ನು ಎದೆಗವಚಿಕೊಂಡು, ಚಪ್ಪಲಿ ಕಾಲಿಂದ ಜಾರುತ್ತಿದ್ದರೂ ನಿಲ್ಲದೆ, ಸುದ್ದಿ ಮುಟ್ಟಿಸಲು ಮನೆಯ ಕಡೆ ಓಡುತ್ತಾಳೆ. ಇದಾಲ್ಮಿಸ್ ಶಾಲೆಗೆ ತಡವಾದರೂ ಸರಿ, ಜಗಲಿಯಲ್ಲಿ ಕಾಯುತ್ತಿರುತ್ತಾಳೆ.

"ಹೌದಾ ಅಮ್ಮ?" ಎನ್ನುತ್ತಾಳೆ. "ಯಾರು ಹೇಳಿದ್ರು?"